ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಸಾಲದಿರುವಿಕೆ

ಕೊಳವೆ ಬಾವಿಯೂ ತಾರಸಿಯ ಮೇಲೆ ನೀರಿನ ತೊಟ್ಟಿಯೂ ಉಳ್ಳ ಗ್ರಾಮಾಂತರದ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರವು ಈಗ ಅಪರೂಪದ ವಸ್ತುವಲ್ಲ. ಯಂತ್ರವು ನೀರೆಳೆಯದೆ ನಿಂತಾಗ ಪಟ್ಟಣದಿಂದ ಕೆಲಸಗಾರನನ್ನು ಕರೆಯಿಸಿ, ಪ್ರಯಾಣದ ವೆಚ್ಚವನ್ನೂ ಕೊಟ್ಟು, ಕಡೆಗೆ ಒಂದು ಚಿಟಿಕೆ ಮರಳನ್ನು ತೆಗೆಸಿಕೊಳ್ಳುವುದುಂಟು. ದೋಷವು ಬಹುಮಟ್ಟಿಗೆ ಯಂತ್ರದ ಹೊರಗೇ ಇರುವುದರಿಂದ ಮನೆಯವರೇ ಮೊದಲು ಪರೀಕ್ಷಿಸತಕ್ಕದ್ದು.

ವಿದ್ಯುತ್ ಪ್ಲಗ್ಗನ್ನು ಕಿತ್ತು, ನಲ್ಲಿಯನ್ನು ನಿಲ್ಲಿಸಿ, ಯಂತ್ರದ ಹಿಂಬದಿಗೆ ಸೇರಿರುವ ನೀರಿನ ಕೊಳವೆಯನ್ನು ಬಿಚ್ಚಬೇಕು. ಆ ತುದಿಯನ್ನು ಬಕೀಟಿನಲ್ಲಿ ಹಿಡಿದು ನಲ್ಲಿಯನ್ನು ಪೂರ್ತಿಯಾಗಿ ತಿರುಗಿಸಿದಾಗ ನಿಮಿಷಕ್ಕೆ ಸುಮಾರು ೧೦ ಲೀಟರು ನೀರು ಬಿದ್ದರೆ ಮನೆಯ ಕಡೆ ನ್ಯೂನತೆಯಿಲ್ಲ. ಸಣ್ಣ ಧಾರೆಯಾಗಿ ಬಿದ್ದರೆ ಯಂತ್ರವನ್ನು ದೂರಿ ಪ್ರಯೋಜನವಿಲ್ಲ.

ಯಂತ್ರವನ್ನು ಗೋಡೆಗೆ ಒತ್ತಿ ಇರಿಸಿದುದರಿಂದ ಕೊಳವೆಯು ಮಡಿಸಿಹೋಗಿದ್ದರೆ ಧಾರೆ ಸಣ್ಣದಾಗುವುದು ಸಹಜ. ಅದು ನೆಟ್ಟಗಿದ್ದರೆ ತೊಟ್ಟಿಯ ಎತ್ತರವನ್ನು ಗಮನಿಸಬೇಕು. ಅನೇಕ ಸ್ವಯಂಚಾಲಿತ ಯಂತ್ರಗಳಿಗೆ ೦.೩ ಬಾರ್ ಒತ್ತಡವಾದರೂ ಅವಶ್ಯಕ. ಎಂದರೆ ತೊಟ್ಟಿಯಲ್ಲಿನ ನೀರಿನ ಮಟ್ಟವು ಯಂತ್ರದ ನೀರಿನ ಬಾಯಿಗಿಂತ ೧೦ ಅಡಿಯಷ್ಟು ಮೇಲಿರಬೇಕು. ಒಂದಂತಸ್ತಿನ ಮನೆಯ ತಾರಸಿಯ ಮೇಲೆ ನೇರವಾಗಿ ಇಟ್ಟ ತೊಟ್ಟಿಯಲ್ಲಿ ನೀರು ಇಳಿದಾಗ ಈ ಎತ್ತರ ದೊರೆಯುವುದಿಲ್ಲ. ೫೦೦ ಲೀಟರಿನ ತೊಟ್ಟಿಯನ್ನು ತೆಗೆದು ೧,೦೦೦ ಲೀಟರಿನದನ್ನು ಇರಿಸುವುದು ವ್ಯರ್ಥ ವೆಚ್ಚ. ಒತ್ತಡವನ್ನು ಕೊಡುವುದು ಎತ್ತರವೇ ಹೊರತು ಗಾತ್ರವಲ್ಲ. ತೊಟ್ಟಿಯನ್ನು ೪ ಅಡಿಯ ಕಟ್ಟೆಯ ಮೇಲೆ ಏರಿಸುವುದು ಉಚಿತ. ೧,೦೦೦ ಲೀಟರು ನೀರು ೧,೦೦೦ ಕಿಲೋಗ್ರಾಂ ತೂಗುವುದರಿಂದ ಕಟ್ಟೆಯ ಭಾರವು ಗೋಡೆಗಳ ಮೇಲೆ ಬೀಳುವಂತಿರಬೇಕು. ಒತ್ತಡ ಸಾಲದಿದ್ದರೆ ನೀರು ತಡವಾಗಿ ಬರುವುದಷ್ಟೇ ಅಲ್ಲ, ಯಂತ್ರದೊಳಗಣ ಕವಾಟವು ಸರಿಯಾಗಿ ಮುಚ್ಚದೆಯೂ ಹೋಗಬಹುದು; ಅದರ ರಬ್ಬರಿನ ಪೊರೆಯನ್ನು ಒತ್ತಿ ಹಿಡಿಯುವುದು ನೀರಿನ ಬಲವೇ. ಕೈಯಿಂದ ನೀರು ತುಂಬಬಹುದಾದ ಅರೆ ಸ್ವಯಂಚಾಲಿತ ಯಂತ್ರಕ್ಕೆ ಈ ತೊಡಕೊಂದೂ ಇಲ್ಲ.

ಬಕೀಟು ಬೇಗನೆ ತುಂಬಿಯೂ ಯಂತ್ರಕ್ಕೆ ನೀರು ಹೋಗದಿದ್ದರೆ, ಕೊಳವೆಯು ಸೇರುವ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆದು ಹಳೆಯ ಬ್ರಷ್ಷಿನಿಂದ ತೊಳೆಯಬೇಕು. ಕೊಳವೆ ಬಾವಿಯ ಮರಳು ಅಲ್ಲಿಯೇ ತಂಗುತ್ತದೆ. ಗಡಸು ನೀರಿನಿಂದ ಬಿಳಿಯ ಸುಣ್ಣ ಕಟ್ಟಿದ್ದರೆ ನಿಂಬೆಯ ರಸದಲ್ಲಿ ಒಂದೆರಡು ಗಂಟೆ ನೆನೆಸಿದಲ್ಲಿ ಸಡಿಲವಾಗುವುದು. ಪದೇ ಪದೇ ಕಟ್ಟಿಕೊಳ್ಳುವುದೆಂದು ಜಾಲರಿಯನ್ನೇ ತೆಗೆದುಹಾಕುವುದು ಸರ್ವಥಾ ಕೂಡದು. ಮರಳು ಕವಾಟವನ್ನು ಸೇರಿದರೆ ಹೊಸ ಕವಾಟವನ್ನೇ ಕೊಳ್ಳಬೇಕಾಗುವುದು.

ನೀರು ಸುರಿಯುತ್ತಲೇ ಇದ್ದು ಯಂತ್ರ ತುಂಬದಿರುವುದು ಇನ್ನೊಂದು ಬಗೆಯ ದೋಷ. ಕೊಳೆನೀರನ್ನು ಪಂಪಿನಿಂದ ಹೊರದೂಡುವ ಯಂತ್ರದಲ್ಲಿ ಹೊರಕೊಳವೆಯ ತುದಿಯು ಬಚ್ಚಲಿನ ನೆಲದಲ್ಲಿ ಬಿದ್ದಿದ್ದರೆ, ಒಳಬಂದ ನೀರೆಲ್ಲವೂ ತಾನಾಗಿಯೇ ಹರಿದುಹೋಗಿ ತೊಟ್ಟಿ ಬರಿದಾಗುವುದು. ತುದಿಯನ್ನು ನೆಲದಿಂದ ಎರಡು ಅಡಿಗೂ ಮೇಲೆ ಕಟ್ಟಬೇಕು. ಪಂಪಿಲ್ಲದೆ ತಳದಿಂದ ನೀರಿಳಿಸುವ ಯಂತ್ರದಲ್ಲಿ ಕೊಳವೆಯು ಕೆಳಗೇ ಇರತಕ್ಕದ್ದು. ಅಲ್ಲಿ ನೀರು ಸೋರಿಹೋಗುತ್ತಿದ್ದರೆ ತಳದ ಕವಾಟದಲ್ಲಿ ನಾಣ್ಯವೋ ಗುಂಡಿಯೋ ಸಿಕ್ಕಿರಬಹುದು.

ಇಷ್ಟು ನೋಡಿದ ಮೇಲೂ ನೀರು ಬಾರದಿದ್ದರೆ ವಿದ್ಯುತ್ತಿನ ಕವಾಟವು ಕೆಟ್ಟಿರಬಹುದು. ಅದನ್ನು ಬಿಚ್ಚುವುದು ಕೆಲಸ ಬಲ್ಲವನಿಗೆ ಸೇರಿದುದು.