ಊರು ಯಾವುದೆಂಬ ಪ್ರಶ್ನೆ

ಅಪರಿಚಿತರಿಬ್ಬರು ಸಂಧಿಸಿದಾಗ ನಮ್ಮಲ್ಲಿ ಮೊದಲು ಕೇಳುವ ಮಾತು, 'ತಮ್ಮ ಊರು ಯಾವುದು?' ಎಂಬುದು. ಇದು ಬರಿಯ ಲೋಕಾಭಿರಾಮವೆಂದು ನಾನು ಬಹುಕಾಲ ನಂಬಿದ್ದೆ. ಇದೇ ಪ್ರಶ್ನೆ ಜಪಾನಿನಲ್ಲಿ ಒಂದು ಘೋರವ್ಯಾಧಿಯ ಮೂಲಕ್ಕೆ ದಾರಿ ತೋರಿತೆಂದು ಓದಿದಾಗ ಬೆರಗಾಯಿತು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಶರೀರದಲ್ಲಿ ರಕ್ತವಲ್ಲದೆ ಸಂಚರಿಸುವ ಇನ್ನೊಂದು ದ್ರವವುಂಟು. ಕನ್ನಡದ ವಿಜ್ಞಾನ ಲೇಖಕರು ಅದನ್ನು ದುಗ್ಧರಸವೆಂದು ಕರೆದರು. ರೋಗಗಳೊಡನೆ ಹೋರಾಡುವ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಈ ರಸದಲ್ಲಿಯೂ, ಕತ್ತು, ಕಂಕುಳು, ತೊಡೆಸಂದುಗಳ ಗ್ರಂಥಿಗಳಲ್ಲಿಯೂ ಇರುತ್ತವೆ. ಈ ಕಣಗಳಿಂದ ಹುಟ್ಟುವ ಕ್ಯಾನ್ಸರೇ ಲಿಂಫೋಮ. ಅದು ಒಂದು ರೋಗವಲ್ಲ, ಒಂದು ಹೆಸರಿನ ಹಲವು ರೋಗಗಳು. ಬಿ ಎಂಬ ಜಾತಿಯ ಕಣಗಳಿಂದ ಹುಟ್ಟುವವು ಕೆಲವು, ಟಿ ಎಂಬ ಜಾತಿಯಿಂದ ಹುಟ್ಟುವವು ಕೆಲವು. ಬಿ ವರ್ಗದವೇ ಸಾಮಾನ್ಯವಾಗಿ ಹೆಚ್ಚು. ಆದರೆ ಟಿ ವರ್ಗದವುಗಳ ಪಾಲು ಜಪಾನಿನಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ದೊಡ್ಡದು. ಏಕೆ?

1977ರಲ್ಲಿ ಕ್ಯೋತೋ ನಗರದ ವೈದ್ಯರಾದ ತಕತ್ಸುಕಿ ಮತ್ತು ಅವರ ಸಂಗಡಿಗರು, ವಯಸ್ಕರಿಗೆ ಬರುವ ಟಿ ಕಣಗಳ ಕ್ಯಾನ್ಸರೊಂದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದರು. ಆ ರೋಗಿಗಳು ಹುಟ್ಟಿದ ಊರುಗಳನ್ನು ವಿಚಾರಿಸಿದರೆ, 16 ಮಂದಿಯಲ್ಲಿ 13 ಮಂದಿ ನೈಋತ್ಯದ ಕ್ಯೂಷು ದ್ವೀಪದವರು! ವ್ಯಾಧಿಗೂ ನೆಲಕ್ಕೂ ಏನೋ ನಂಟಿದೆಯೆಂಬ ಸಂಶಯ ಅಲ್ಲಿ ಹುಟ್ಟಿತು. 1980ರಲ್ಲಿ ಅಮೆರಿಕದ ಗ್ಯಾಲೋ ಅವರ ತಂಡ ಮನುಷ್ಯನ ಟಿ ಕಣಗಳಲ್ಲಿ ವೈರಸ್ಸೊಂದನ್ನು ಕಂಡ ವರದಿ ಪ್ರಕಟಿಸಿತು. 1981ರಲ್ಲಿ ಹಿನುಮಾ ಮತ್ತು ಸಹೋದ್ಯೋಗಿಗಳು, ಕ್ಯೂಷುವಿನ ವ್ಯಾಧಿಗೂ ಇಂಥದೇ ವೈರಸ್ಸಿಗೂ ಇರುವ ಸಂಬಂಧವನ್ನು ರೋಗಿಗಳ ರಕ್ತದಲ್ಲಿ ತೋರಿಸಿದರು. ಎರಡೂ ಒಂದೇ ಎಂದು ಮುಂದೆ ಖಚಿತವಾಯಿತು. ಎಚ್‌ಟಿಎಲ್‌ವಿ-1 ಎಂಬುದು ಅದರ ಹೆಸರು.

ಇದರ ಕಾರ್ಯವಿಧಾನ ಹಸ್ತಪ್ರತಿಗಳೊಡನೆ ಆಯುಸ್ಸು ಕಳೆದ ನನ್ನಂಥವನಿಗೆ ಅಪರಿಚಿತವಲ್ಲ. ಲಿಪಿಕಾರನೊಬ್ಬ ತನ್ನದೊಂದು ಪದ್ಯವನ್ನು ಕಾವ್ಯದ ನಡುವೆ ಸೇರಿಸಿದರೆ, ಆ ಪ್ರತಿಯಿಂದ ನಕಲಾದ ಎಲ್ಲ ಓಲೆಗಳಲ್ಲಿಯೂ ಆ ಪ್ರಕ್ಷಿಪ್ತ ಅದೇ ಸ್ಥಳದಲ್ಲಿ ಉಳಿಯುತ್ತದೆ. ಈ ವೈರಸ್ಸೂ ತನ್ನ ಬರಹವನ್ನು ಜೀವಕಣದ ವಂಶಲಿಪಿಯೊಳಗೆ ಸೇರಿಸಿಬಿಡುತ್ತದೆ. ಒಬ್ಬ ರೋಗಿಯ ಕ್ಯಾನ್ಸರ್ ಕಣಗಳಲ್ಲೆಲ್ಲ ಆ ಪ್ರಕ್ಷಿಪ್ತ ಒಂದೇ ಸ್ಥಳದಲ್ಲಿ ದೊರೆಯಿತು. ಅವೆಲ್ಲ ಒಂದೇ ಮೂಲಕಣದ ಸಂತತಿಯೆಂದು ಇದರಿಂದ ಸಿದ್ಧವಾಯಿತು.

ಆದರೆ ವೈರಸ್ಸು ಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲ. ನೂರರಲ್ಲಿ ಸುಮಾರು ಐದು ಮಂದಿಗೆ, ಅದೂ ಹಲವು ದಶಕಗಳ ಅನಂತರ, ಈ ವ್ಯಾಧಿ ತಗಲುತ್ತದೆ. ಎಪ್ಸ್ಟೀನ್-ಬಾರ್ ಎಂಬ ಇನ್ನೊಂದು ವೈರಸ್ಸಂತೂ ಲೋಕದ ಬಹುಪಾಲು ವಯಸ್ಕರಲ್ಲಿದೆ. ಮಲೇರಿಯ ಬಲವಾಗಿರುವ ಆಫ್ರಿಕದ ನಾಡುಗಳಲ್ಲಿ ಮಕ್ಕಳ ದವಡೆಯಲ್ಲಿ ಏಳುವ ಬರ್ಕಿಟ್ ಲಿಂಫೋಮಕ್ಕೂ, ಪೂರ್ವ ಏಷ್ಯದಲ್ಲಿ ಹೆಚ್ಚಾಗಿ ಕಾಣುವ ಮೂಗಿನ ಲಿಂಫೋಮಕ್ಕೂ ಅದರ ನಂಟಿದೆ. ಬೀಜ ಒಂದೇ ಆದರೂ ನೆಲ ಬೇರೆಯಾದರೆ ಬೆಳೆ ಬೇರೆ.

ಕ್ಯೂಷುವಿನ ವೈರಸ್ಸು ರಕ್ತದಿಂದಲೂ ದಾಂಪತ್ಯ ಸಂಪರ್ಕದಿಂದಲೂ ಹರಡಬಲ್ಲುದು. ಆದರೆ ಅದರ ಹೆದ್ದಾರಿ ತಾಯಿಯ ಹಾಲು! ದುಗ್ಧವೆಂದರೂ ಹಾಲೇ. ದುಗ್ಧರಸದ ಕಣಗಳು ಎದೆಹಾಲಿನಲ್ಲಿ ಸೇರಿ ಶಿಶುವನ್ನು ಹೊಗುತ್ತವೆ. ಹೀಗೆ ಸೋಂಕು ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೇ ಇಳಿದುಬಂದಿತ್ತು. ಉಗ್ರರೂಪ ತಾಳಿದ ಈ ವ್ಯಾಧಿಗೆ ಚಿಕಿತ್ಸೆ ಇಂದಿಗೂ ಕಷ್ಟ, ತಡೆಯುವುದೇ ಲೇಸು. 1987ರಿಂದ ನಾಗಾಸಾಕಿ ಪ್ರಾಂತದಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಿ, ಸೋಂಕಿದ್ದವರಿಗೆ ಎದೆಹಾಲು ಕೊಡದಿರುವಂತೆ ಸಲಹೆ ಮಾಡಿದರು. ದೀರ್ಘಕಾಲ ಮೊಲೆಯುಂಡ ಮಕ್ಕಳಲ್ಲಿ ಐವರಿಗೊಬ್ಬರಂತೆ ತಗಲುತ್ತಿದ್ದ ಸೋಂಕು, ಸೀಸೆಯ ಹಾಲು ಕುಡಿದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಳಿಯಿತು. ಜನ ವಲಸೆ ಹೋದಂತೆ ಸೋಂಕು ದೊಡ್ಡ ನಗರಗಳಿಗೂ ಹೋಗಿತ್ತು. ಆದ್ದರಿಂದ 2011ರ ವೇಳೆಗೆ ಈ ಪರೀಕ್ಷೆ ದೇಶಕ್ಕೆಲ್ಲ ವಿಸ್ತರಿಸಿತು.

ಈ ಸಲಹೆ ಸೋಂಕುಳ್ಳ ಆ ತಾಯಂದಿರಿಗೆ ಮಾತ್ರ. ಶುದ್ಧ ನೀರಿಗೇ ಕೊರತೆಯಿರುವಲ್ಲಿ ಮೊಲೆಹಾಲು ಬಿಡಿಸಿದರೆ ಮಗುವಿಗೆ ಬೇರೆ ಆಪತ್ತು ಕಾದಿರುತ್ತದೆ.

ಅಂಕೆಗಳನ್ನು ಓದಿ ಮುಗಿಸಿದ ಮೇಲೂ ನನ್ನ ಮನಸ್ಸು ಆ ತಾಯಂದಿರನ್ನು ಬಿಟ್ಟು ಬರಲಿಲ್ಲ. ಅವರಲ್ಲಿ ಹಲವರಿಗೆ ಆ ಸೋಂಕು ಬಂದಿದ್ದು ತಮ್ಮ ತಾಯಿಯಿಂದ, ಆ ತಾಯಿಗೆ ಬಂದಿದ್ದು ಅವಳ ತಾಯಿಯಿಂದ. ತಪ್ಪು ಯಾರದೂ ಅಲ್ಲ. ಮಗು ಅಳುತ್ತಿರುವಾಗ, ತುಂಬಿದ ಎದೆಯನ್ನು ಬಿಗಿಹಿಡಿದು ಸೀಸೆಯನ್ನು ಕೈಗೆತ್ತಿಕೊಂಡವಳು, ಅರವತ್ತು ವರ್ಷಗಳ ಆಚೆಗೆ ಬರಬಹುದಾಗಿದ್ದ ವ್ಯಾಧಿಯನ್ನು ಇಂದೇ ತಡೆದಳು. ಅದರ ಫಲವನ್ನು ಕಾಣಲು ಅವಳು ಇರಲಾರಳು. ಹಾಲು ಕೊಡದಿದ್ದುದೂ ವಾತ್ಸಲ್ಯವೇ.