ಭಾಲ್ಕಿಗೆ ಹೋಗಿ ಬರಲು ಎಷ್ಟು ಪೆಟ್ರೋಲ್?

ಬೀದರಿನ ಯಾವುದೇ ಓಣಿಯಲ್ಲಿ ಹೊಸ ಕಾರು ಬಂದು ನಿಂತರೆ, ಪೂಜೆಯ ತೆಂಗಿನಕಾಯಿ ಒಡೆಯುವ ಮೊದಲೇ ಪಕ್ಕದ ಮನೆಯವರಿಂದ ಬರುವ ಪ್ರಶ್ನೆ ಒಂದೇ: 'ಆವರೇಜ್ ಎಷ್ಟ್ ಕೊಡ್ತದ್ರಿ?' ಉತ್ತರ ಕಂಡುಕೊಳ್ಳುವ ದಾರಿಯೂ ಎಲ್ಲರಿಗೂ ಗೊತ್ತು. ಟ್ಯಾಂಕ್ ಫುಲ್ ಮಾಡಿಸಬೇಕು, ಟ್ರಿಪ್ ಮೀಟರ್ ಸೊನ್ನೆಗೆ ತರಬೇಕು, ನಾಲ್ಕು ದಿನ ಓಡಿಸಿ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಬೇಕು. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮುಗಿಯಿತು. ಮೊಪೆಡ್ಡಿನಿಂದ ಲಾರಿಯವರೆಗೆ ಎಲ್ಲಕ್ಕೂ ಒದಗಿಬಂದ ಈ ಲೆಕ್ಕ ಪ್ಲಗ್-ಇನ್ ಹೈಬ್ರಿಡ್ ಕಾರಿನ ಮುಂದೆ ಕೈಕೊಡುತ್ತದೆ. ಒಂದೇ ಮಾಡೆಲ್ಲಿನ ಕಾರು ಒಬ್ಬರಿಗೆ ಲೀಟರಿಗೆ ನೂರು ಕಿ.ಮೀ. ಕೊಟ್ಟರೆ ಇನ್ನೊಬ್ಬರಿಗೆ ಹದಿನಾರಕ್ಕೇ ನಿಲ್ಲಬಹುದು. ಇಬ್ಬರೂ ಹೇಳುವುದು ನಿಜವೇ.

ಸಾಮಾನ್ಯ ಹೈಬ್ರಿಡ್ ನಮಗೆ ಹೊಸತಲ್ಲ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆ ನಡೆಯಿತು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದವು. ಕೆಎ-38, ಕೆಎ-39 ನಂಬರ್ ಪ್ಲೇಟಿನ ಊರುಗಳಲ್ಲಿ ಇಂದು ಯಾರಾದರೂ 'ಹೈಬ್ರಿಡ್' ಎಂದರೆ ಬಹುಮಟ್ಟಿಗೆ ಇವೇ. ಇವುಗಳಲ್ಲಿ ಎಂಜಿನ್ ಜೊತೆಗೆ ಮೋಟಾರೂ ಇದೆ, ಬ್ಯಾಟರಿಯೂ ಇದೆ. ಆದರೆ ಬ್ಯಾಟರಿ ತೀರಾ ಚಿಕ್ಕದು, ಹೈರೈಡರಿನದು ಒಂದು ಯೂನಿಟ್ ಕರೆಂಟನ್ನೂ ಹಿಡಿಯದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲು ತೂತೇ ಇಲ್ಲ. ಬ್ರೇಕ್ ಹಾಕಿದಾಗ ಉಳಿಸಿಕೊಂಡದ್ದು, ಎಂಜಿನ್ ಹೆಚ್ಚುವರಿಯಾಗಿ ಉತ್ಪಾದಿಸಿದ್ದು, ಎಲ್ಲವೂ ಕೊನೆಗೆ ಬಂದಿರುವುದು ಪೆಟ್ರೋಲಿನಿಂದಲೇ. ಹಾಗಾಗಿ ಹಳೆಯ ಟ್ಯಾಂಕ್ ಫುಲ್ ಲೆಕ್ಕ ಇವಕ್ಕೆ ಸರಿಯಾಗಿಯೇ ಹೊಂದುತ್ತದೆ.

ಪ್ಲಗ್-ಇನ್ ಕಾರಿನ ಸಂಗತಿ ಬೇರೆ. ಅದರ ಬ್ಯಾಟರಿ ಹತ್ತರಿಂದ ಇಪ್ಪತ್ತು ಯೂನಿಟ್ ಹಿಡಿಯುತ್ತದೆ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿದರೆ ಬೆಳಿಗ್ಗೆ ನಲವತ್ತು, ಐವತ್ತು, ಕೆಲವು ಮಾಡೆಲ್ಲುಗಳಲ್ಲಿ ಎಂಬತ್ತು ಕಿ.ಮೀ.ವರೆಗೂ ಎಂಜಿನ್ ಮುಟ್ಟದೆ ಓಡಬಲ್ಲದು. ಬ್ಯಾಟರಿ ಬರಿದಾದ ಮೇಲೆ ಬಿಡದಿಯ ಹೈಬ್ರಿಡ್ಡಿನಂತೆಯೇ ಪೆಟ್ರೋಲಿನ ಮೇಲೆ ಸಾಗುತ್ತದೆ. ಚೀನಾದ ಬಿವೈಡಿ ಕಂಪನಿ 2008ರ ಡಿಸೆಂಬರಿನಲ್ಲಿ ಇಂಥ ಕಾರನ್ನು ಮೊದಲು ಮಾರುಕಟ್ಟೆಗೆ ತಂದಿತು. ಭಾರತಕ್ಕೆ 2015ರಲ್ಲಿ ಬಿಎಂಡಬ್ಲ್ಯು ಐ8, ಮರುವರ್ಷ ವೋಲ್ವೊ ಎಕ್ಸ್‌ಸಿ90ರ ಪ್ಲಗ್-ಇನ್ ಮಾದರಿ ಬಂದವು. ಎರಡೂ ಕೋಟಿ ದಾಟಿದ ಬೆಲೆಯ ಕಾರುಗಳು. ಬೆಂಗಳೂರಿನ ಪಕ್ಕದ ಹೊಸಕೋಟೆ ಘಟಕದಲ್ಲೇ ಪ್ಲಗ್-ಇನ್ ಜೋಡಿಸುವುದಾಗಿ ವೋಲ್ವೊ 2018ರಲ್ಲಿ ಪ್ರಕಟಿಸಿತ್ತು. ಬೀದರಿನ ರಸ್ತೆಯಲ್ಲಿ ಅಂಥದ್ದು ಎದುರಾದರೆ ಜನ ನಿಂತು ನೋಡುತ್ತಾರೆ.

ಆದರೂ ಈ ಕಾರಿನ ಗುಣಾವಗುಣ ಅಳೆಯಲು ಬೀದರ್ ಜಿಲ್ಲೆ ಹೇಳಿ ಮಾಡಿಸಿದ ಜಾಗ. ಜಿಲ್ಲಾ ಕೇಂದ್ರದಿಂದ ಭಾಲ್ಕಿ ಸುಮಾರು 40 ಕಿ.ಮೀ., ಔರಾದ್ ಕೂಡ ಹೆಚ್ಚುಕಡಿಮೆ ಅಷ್ಟೇ. ಬೀದರಿನಲ್ಲಿ ಮನೆ ಮಾಡಿಕೊಂಡು ಭಾಲ್ಕಿಯ ಕಾಲೇಜಿಗೋ ಔರಾದಿನ ಬ್ಯಾಂಕಿಗೋ ದಿನಾ ಓಡಾಡುವ ನೌಕರರು ಎಷ್ಟೋ ಮಂದಿ. ಹೋಗುವ ದೂರ ಒಂದು ಚಾರ್ಜಿಗೆ ಸರಿಯಾಗಿ ಕೂರುತ್ತದೆ, ಹೋಗಿ ಬರುವ ದೂರ ಕೂರುವುದಿಲ್ಲ. ಸ್ವಾರಸ್ಯ ಇರುವುದು ಇಲ್ಲೇ.

ಒಂದು ಮಾದರಿ ಲೆಕ್ಕ ಹಾಕೋಣ. ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು ಒಂಬತ್ತು ಯೂನಿಟ್, ಯೂನಿಟ್ಟಿಗೆ ಐದು ಕಿ.ಮೀ. ಎಂದರೆ 45 ಕಿ.ಮೀ. ಬ್ಯಾಟರಿ ಮುಗಿದ ಮೇಲೆ ಪೆಟ್ರೋಲಿನಲ್ಲಿ ಲೀಟರಿಗೆ 18. ಭಾಲ್ಕಿಗೆ ಹೋಗಿ ಬರುವ 80 ಕಿ.ಮೀ.ಯಲ್ಲಿ 45 ಕರೆಂಟಿನ ಮೇಲೆ, ಉಳಿದ 35 ಪೆಟ್ರೋಲಿನ ಮೇಲೆ. ಸುಡುವ ಪೆಟ್ರೋಲ್ ಎರಡು ಲೀಟರಿಗಿಂತ ತುಸು ಕಡಿಮೆ. ಟ್ಯಾಂಕ್ ಫುಲ್ ವಿಧಾನದ ಪ್ರಕಾರ ಆವರೇಜ್ 41! ಪಕ್ಕದ ಮನೆಯವರು ಹೌಹಾರುವುದು ಖಂಡಿತ. ಆದರೆ ಆ 41ರ ಹಿಂದೆ ಗೋಡೆಯಿಂದ ಎಳೆದ ಹತ್ತು ಯೂನಿಟ್ ಕರೆಂಟ್ ಅಡಗಿ ಕೂತಿದೆ (ಚಾರ್ಜ್ ಆಗುವಾಗ ಸೋರಿಹೋಗುವುದೂ ಸೇರಿ).

ಈ ಮರೆಮಾಚಿದ ಕರೆಂಟನ್ನು ಲೆಕ್ಕಕ್ಕೆ ತರಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಉಪಾಯ ಮಾಡಿದೆ. ಒಂದು ಗ್ಯಾಲನ್ ಪೆಟ್ರೋಲಿನ ಶಾಖ 33.7 ಯೂನಿಟ್ ವಿದ್ಯುತ್ತಿಗೆ ಸಮ ಎಂದು ಅದು ಹಿಡಿಯುತ್ತದೆ. ನಮ್ಮ ಅಳತೆಯಲ್ಲಿ ಲೀಟರಿಗೆ ಸುಮಾರು ಒಂಬತ್ತು ಯೂನಿಟ್. ಹಾಗೆ ನೋಡಿದರೆ ನಮ್ಮ ಹತ್ತು ಯೂನಿಟ್ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚಿನ ಪೆಟ್ರೋಲ್, 41 ಇದ್ದದ್ದು 26ಕ್ಕೆ ಇಳಿಯುತ್ತದೆ. ಇದೇ ಪ್ರಾಮಾಣಿಕ ಅಂಕಿ, ಮತ್ತು ಇದು ಕಳಪೆಯೇನಲ್ಲ.

ಹಣದ ಲೆಕ್ಕದಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ, ಮನೆ ಕರೆಂಟ್ ಯೂನಿಟ್ಟಿಗೆ ಆರು ಎಂದು ದುಂಡಗೆ ಹಿಡಿದರೆ, ಚಾರ್ಜ್ ಮಾಡಿ ಹೊರಟವರಿಗೆ ಭಾಲ್ಕಿ ಓಡಾಟಕ್ಕೆ ಸುಮಾರು 255 ರೂಪಾಯಿ. ಲೀಟರಿಗೆ 20 ಕೊಡುವ ಪ್ಲಗ್ ಇಲ್ಲದ ಹೈಬ್ರಿಡ್ಡಿಗೆ 400. ಚಾರ್ಜೇ ಮಾಡದ ಪ್ಲಗ್-ಇನ್ ಕಾರಿಗೆ? ದೊಡ್ಡ ಬ್ಯಾಟರಿಯ ಕ್ವಿಂಟಲ್‌ಗಟ್ಟಲೆ ಭಾರವನ್ನು ಸುಮ್ಮನೆ ಹೊತ್ತು ತಿರುಗುವ ಅದು ಲೀಟರಿಗೆ 18ರಂತೆಯೇ ಓಡಿದರೆ ಸುಮಾರು 445. ಭಾಲ್ಕಿಯ ಕೆಲಸದ ಜಾಗದಲ್ಲೂ ಒಂದು 15 ಆಂಪಿಯರ್ ಸಾಕೆಟ್ ಸಿಕ್ಕರೆ ಪೆಟ್ರೋಲ್ ಬೇಕೇ ಇಲ್ಲ, ಕರೆಂಟಿಗೆ 110 ರೂಪಾಯಿಯೊಳಗೆ ಕೆಲಸ ಮುಗಿಯುತ್ತದೆ. ಒಂದೇ ಕಾರು, ಒಂದೇ ರಸ್ತೆ, ಖರ್ಚಿನಲ್ಲಿ ಸುಮಾರು ನಾಲ್ಕು ಪಟ್ಟು ಅಂತರ.

ಬೀದರ್ ನಗರದೊಳಗಿನ ಓಡಾಟದಲ್ಲಿ ಪ್ಲಗ್-ಇನ್ ಮತ್ತಷ್ಟು ಮೆರೆಯುತ್ತದೆ. ನೌಬಾದದಿಂದ ಚೌಬಾರಾಕ್ಕೆ, ಅಲ್ಲಿಂದ ಗುಂಪಾಕ್ಕೆ ಓಡಾಡುವ ಪೆಟ್ರೋಲ್ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಊರೇ ಮುಗಿದಿರುತ್ತದೆ, ತಣ್ಣಗಿನ ಎಂಜಿನ್ ಕುಡಿಯುವುದೂ ಹೆಚ್ಚು. ದಿನಾ ಚಾರ್ಜ್ ಆಗುವ ಪ್ಲಗ್-ಇನ್ ಇಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಮುಟ್ಟದೆ ಇರಬಲ್ಲದು. ಲೀಟರಿಗೆ ನೂರು ದಾಟುವ ಆವರೇಜ್ ಇಂಥವರದ್ದೇ. ಷೆವರ್ಲೆ ವೋಲ್ಟ್ ಎಂಬ ಕಾರಿನಲ್ಲಂತೂ ಟ್ಯಾಂಕಿನ ಪೆಟ್ರೋಲ್ ವರ್ಷ ಹಳೆಯದಾದರೆ ಹಾಳಾಗದಿರಲಿ ಎಂದು ಎಂಜಿನ್ ತಾನಾಗಿ ಚಾಲೂ ಆಗಿ ಅದನ್ನು ಸುಡುವ ವ್ಯವಸ್ಥೆಯಿತ್ತು.

ಹೈದರಾಬಾದಿಗೆ ಹೊರಟರೆ ಕತೆ ತಿರುಗುತ್ತದೆ. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ವಿಮಾನಕ್ಕೆ ಬೀದರಿನವರು ಹೋಗುವುದು ಅಲ್ಲಿಗೇ, ಸುಮಾರು 140 ಕಿ.ಮೀ. ತೆಲಂಗಾಣದಲ್ಲಿ ಪೆಟ್ರೋಲ್ ದುಬಾರಿ ಎಂದು ಗಡಿ ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳುವ ಜಾಣರಿಗೂ ಬ್ಯಾಟರಿ ಝಹೀರಾಬಾದಿನ ಸುತ್ತಮುತ್ತಲೇ ಬರಿದಾಗುತ್ತದೆ. ಹೋಗಿ ಬರುವ 280 ಕಿ.ಮೀ.ಗೆ ಹದಿಮೂರು ಲೀಟರ್, ಆವರೇಜ್ ಇಪ್ಪತ್ತೊಂದರ ಆಸುಪಾಸು. ಹೆದ್ದಾರಿಯಲ್ಲಿ ನೂರರ ವೇಗ ಹಿಡಿದರೆ ಇನ್ನೂ ಕಡಿಮೆ, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರವತ್ತರಲ್ಲಿ ಹೋಗುವಾಗ ಇದ್ದ ತಡೆ ನೂರರಲ್ಲಿ ಸುಮಾರು ಮೂರು ಪಟ್ಟಾಗಿರುತ್ತದೆ.

ಇಳಿಜಾರಿನಲ್ಲಿ ಬ್ಯಾಟರಿ ತುಂಬಿಕೊಳ್ಳುತ್ತದಲ್ಲ, ಎಂದು ಕೇಳುವವರಿದ್ದಾರೆ. ಬೀದರ್ ಇರುವುದು ಕೆಂಪು ಮುರಕಲ್ಲಿನ ಎತ್ತರದ ದಿಬ್ಬದ ಮೇಲೆ. ಜನವಾಡ, ಕೌಠಾ ಹಾದು ಔರಾದಿಗೆ ಹೋಗುವ ದಾರಿ ಮಾಂಜ್ರಾ ನದಿಯ ಬಯಲಿಗೆ ಇಳಿದೇ ಮುಂದೆ ಸಾಗಬೇಕು. 1,800 ಕಿಲೋ ತೂಕದ ಕಾರು ನೂರು ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಅರ್ಧ ಯೂನಿಟ್. ಮೋಟಾರು ಜನರೇಟರ್ ಆಗಿ ಅದರಲ್ಲಿ ಶೇ 60ರಷ್ಟನ್ನು ಹಿಡಿದರೂ 0.3 ಯೂನಿಟ್, ಎಂದರೆ ಒಂದೂವರೆ ಕಿ.ಮೀ. ಬಿಟ್ಟಿ ಸವಾರಿ. ಸಂಜೆ ಅದೇ ದಿಬ್ಬ ಹತ್ತುವಾಗ ಅದಕ್ಕಿಂತ ಹೆಚ್ಚನ್ನು ವಾಪಸ್ ಕಟ್ಟಬೇಕು. ಇನ್ನೊಂದು ತಮಾಷೆಯಿದೆ. ರಾತ್ರಿಯಿಡೀ ಚಾರ್ಜ್ ಮಾಡಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಂಡು ಹೊರಟವರಿಗೆ ಊರು ದಾಟುತ್ತಲೇ ಇಳಿಜಾರು ಸಿಕ್ಕರೆ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ, ಆ ಶಕ್ತಿಗೆ ಜಾಗವೇ ಇರುವುದಿಲ್ಲ.

ಏಸಿ ಇದಕ್ಕಿಂತ ದೊಡ್ಡ ಬಾಬ್ತು. ಮೇ ತಿಂಗಳಲ್ಲಿ ಪಾದರಸ 40 ದಾಟಿದಾಗ ಏಸಿ ಗಂಟೆಗೆ ಒಂದರಿಂದ ಎರಡು ಯೂನಿಟ್ ಎಳೆಯುತ್ತದೆ. ಒಂದೂವರೆ ಎಂದುಕೊಂಡರೂ ಭಾಲ್ಕಿ ತಲುಪುವ ಒಂದು ಗಂಟೆಯಲ್ಲಿ ಏಳೆಂಟು ಕಿ.ಮೀ. ಓಡುವಷ್ಟು ಕರೆಂಟ್ ಅದಕ್ಕೇ ಹೋಯಿತು. ಭಾರತದಲ್ಲಿ ಜಾಹೀರಾತಿನ ಮೈಲೇಜ್ ಹುಟ್ಟುವ ಪರೀಕ್ಷೆಯಲ್ಲಿ ಏಸಿ ಬಂದ್ ಆಗಿರುತ್ತಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಪ್ರಯೋಗಾಲಯದ ರೋಲರ್ ಮೇಲೆ ಇಪ್ಪತ್ತು ನಿಮಿಷದ ಓಟ, ಗರಿಷ್ಠ ವೇಗ 90. ಹೈರೈಡರಿನ 27.97 ಎಂಬ ಅಂಕಿ ಇಂಥ ಪರೀಕ್ಷೆಯಿಂದ ಬಂದದ್ದು.

ಯುರೋಪಿನಲ್ಲಿ ಪ್ಲಗ್-ಇನ್ ಕಾರಿಗೆ ಅಂಕಿ ಕೊಡುವಾಗ ಇನ್ನೂ ಒಂದು ಊಹೆ ಸೇರುತ್ತದೆ. ಬ್ಯಾಟರಿ ತುಂಬಿದ್ದಾಗ ಒಮ್ಮೆ, ಬರಿದಾದಾಗ ಒಮ್ಮೆ ಪರೀಕ್ಷಿಸಿ, ಮಾಲೀಕರು ಇಂತಿಷ್ಟು ಪಾಲು ಕರೆಂಟಿನಲ್ಲಿ ಓಡಿಸುತ್ತಾರೆ ಎಂದು ಭಾವಿಸಿ ಎರಡನ್ನೂ ಬೆರೆಸುತ್ತಾರೆ. ಆ ಭಾವನೆ ಎಷ್ಟು ಉದಾರವಾಗಿತ್ತು ಎಂಬುದನ್ನು ಸ್ವಚ್ಛ ಸಾರಿಗೆಯ ಅಧ್ಯಯನ ಮಾಡುವ ಐಸಿಸಿಟಿ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳು 2022ರಲ್ಲಿ ಸುಮಾರು 9,000 ಕಾರುಗಳ ದಾಖಲೆ ನೋಡಿ ತೋರಿಸಿದವು. ಕಾಗದದ ಮೇಲೆ ಲೀಟರಿಗೆ 60 ಕಿ.ಮೀ. ಕೊಡಬೇಕಿದ್ದ ಕಾರುಗಳು ಸ್ವಂತ ಮಾಲೀಕರ ಕೈಯಲ್ಲಿ 23ರಿಂದ 25, ಕಂಪನಿ ಕೊಟ್ಟ ಕಾರುಗಳಾಗಿದ್ದಲ್ಲಿ 12ರಿಂದ 13 ಮಾತ್ರ ಕೊಡುತ್ತಿದ್ದವು. ಕಂಪನಿ ಕಾರಿಗೆ ಪೆಟ್ರೋಲ್ ಹಾಕಿಸುವುದು ಕಂಪನಿ, ಮನೆಯ ಕರೆಂಟ್ ಬಿಲ್ ಕಟ್ಟುವುದು ತಾನು. ಹೀಗಿರುವಾಗ ರಾತ್ರಿ ಕೇಬಲ್ ಸಿಕ್ಕಿಸುವವರು ಯಾರು? 2018ರಲ್ಲಿ ಬ್ರಿಟನ್ನಿನಲ್ಲಿ ಇಂಥ ಕೆಲವು ಕಾರುಗಳ ಡಿಕ್ಕಿಯಲ್ಲಿ ಚಾರ್ಜಿಂಗ್ ಕೇಬಲ್ ಪ್ಲಾಸ್ಟಿಕ್ ಹೊದಿಕೆ ಸಮೇತ ಹಾಗೇ ಬಿದ್ದಿತ್ತು. 2024ರಲ್ಲಿ ಯುರೋಪಿಯನ್ ಆಯೋಗ ಕಾರುಗಳೊಳಗಿನ ಮೀಟರ್‌ಗಳಿಂದಲೇ ಮಾಹಿತಿ ಪಡೆದು ಹೇಳಿದ್ದು: ಪೆಟ್ರೋಲ್, ಡೀಸೆಲ್ ಕಾರುಗಳ ಹೊಗೆ ಅಧಿಕೃತ ಅಂಕಿಗಿಂತ ಶೇ 20ರಷ್ಟು ಹೆಚ್ಚು, ಪ್ಲಗ್-ಇನ್‌ಗಳದ್ದು ಮೂರೂವರೆ ಪಟ್ಟು. 2025ರಿಂದ ಅಲ್ಲಿ ಊಹೆಯ ಸೂತ್ರವನ್ನೇ ಬಿಗಿ ಮಾಡಿದ್ದಾರೆ.

ನಮ್ಮಲ್ಲಿ ಕೇಬಲ್ ಸಿಕ್ಕಿಸಲು ಮನಸ್ಸಿದ್ದವರಿಗೂ ಗೋಡೆ ಅಡ್ಡ ಬರುತ್ತದೆ. ಈ ಕಾರುಗಳ ಚಾರ್ಜರ್ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಗೆ ಬಕೆಟ್ ನೀರು ಸುರಿಯುವ ಕೆಲಸ ಮನೆಯ ಯಾರಾದರೊಬ್ಬರ ಪಾಲಿಗೆ ಬರುತ್ತದೆ. ಹಳೆ ಊರಿನ ಗಲ್ಲಿಗಳಲ್ಲಿ ಕಾರು ಮನೆಯೊಳಗೆ ನಿಲ್ಲುವುದೇ ಇಲ್ಲ, ವೈರ್ ಎಳೆಯುವುದಾದರೂ ಎಲ್ಲಿಗೆ? ಜೊತೆಗೆ ಗೃಹಜ್ಯೋತಿ. 2023ರಿಂದ ಜಾರಿಯಲ್ಲಿರುವ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಕ್ಕೆ ಹತ್ತು ಯೂನಿಟ್ಟಿನಂತೆ ಇಪ್ಪತ್ತೈದು ದಿನ ಕಾರು ಚಾರ್ಜ್ ಮಾಡಿದರೆ ಅದೊಂದೇ 250. ಜೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ನೋಡಿ ರೂಢಿಯಾದ ಮನೆಯಲ್ಲಿ ಕಾರಿನ ಕರೆಂಟಿಗೆ ನಿಜವಾಗಿ ತಗಲುವ ವೆಚ್ಚ ಯೂನಿಟ್ಟಿಗೆ ಆರು ರೂಪಾಯಿಗಿಂತ ಹೆಚ್ಚೇ, ಕೈತಪ್ಪಿದ ರಿಯಾಯಿತಿಯನ್ನೂ ಕೂಡಿಸಬೇಕಲ್ಲ.

ತೆರಿಗೆಯೂ ಪ್ಲಗ್-ಇನ್ ಪರವಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಹೈಬ್ರಿಡ್‌ಗಳಿಗೆ, ಪ್ಲಗ್ ಇರಲಿ ಬಿಡಲಿ, ಶೇ 40 ಜಿಎಸ್‌ಟಿ. ಪೂರ್ಣ ವಿದ್ಯುತ್ ಕಾರಿಗೆ ಶೇ 5. ಇನ್ನೂರು ಕಿ.ಮೀ. ಓಡುವ ಎಲೆಕ್ಟ್ರಿಕ್ ಕಾರು ಭಾಲ್ಕಿ, ಔರಾದ್ ಓಡಾಟವನ್ನು ಒಂದೇ ಚಾರ್ಜಿನಲ್ಲಿ ಮುಗಿಸುವಾಗ, ಅದೇ ಕೆಲಸಕ್ಕೆ ಎಂಜಿನ್ನನ್ನೂ ಬ್ಯಾಟರಿಯನ್ನೂ ಕೊಳ್ಳುವುದು ದುಬಾರಿ ಶೋಕಿ. ವಾರಕ್ಕೆರಡು ಸಲ ಹೈದರಾಬಾದ್, ಆಗಾಗ ಬೆಂಗಳೂರು ಎನ್ನುವವರಿಗೆ ಬಿಡದಿಯ ಹೈಬ್ರಿಡ್ಡೇ ವಾಸಿ. ಇವೆರಡರ ನಡುವೆ ಬೀಳುವವರಿಗೆ, ಅಂದರೆ ದಿನಾ ಭಾಲ್ಕಿ, ತಿಂಗಳಿಗೊಮ್ಮೆ ದೂರದೂರು, ಮನೆಯಲ್ಲಿ ಒಂದೇ ಕಾರು, ಅಂಗಳದಲ್ಲಿ ಒಳ್ಳೆಯ ಸಾಕೆಟ್ ಇರುವವರಿಗೆ, ಪ್ಲಗ್-ಇನ್ ನಿಜಕ್ಕೂ ಒಪ್ಪುವ ಗಾಡಿ. ಆದರೆ ಅಂಥವರ ಕೈಗೆಟಕುವ ಬೆಲೆಯಲ್ಲಿ ಅದು ಇನ್ನೂ ಬಂದಿಲ್ಲ.

ಬಂದ ದಿನ ಷೋರೂಮಿಗೆ ಹೋದರೆ ದೊಡ್ಡ ಅಕ್ಷರದ ಮೈಲೇಜ್ ಪಕ್ಕಕ್ಕಿಟ್ಟು ಎರಡೇ ಪ್ರಶ್ನೆ ಕೇಳಿ: ಏಸಿ ಹಾಕಿದಾಗ ಬ್ಯಾಟರಿಯಲ್ಲಿ ಎಷ್ಟು ಕಿ.ಮೀ.? ಬ್ಯಾಟರಿ ಖಾಲಿಯಾದ ಮೇಲೆ ಲೀಟರಿಗೆ ಎಷ್ಟು? ಉಳಿದ ಲೆಕ್ಕವನ್ನು ನಿಮ್ಮ ದಿನದ ದಾರಿ ಹಾಕಿ ನೀವೇ ಮಾಡಿಕೊಳ್ಳಬಹುದು.