ಫ್ರೀಲಾನ್ಸರ್ ಕಟ್ಟಿದ ಕೋರ್ಸ್ ಫೀಸು ಯಾರ ಖರ್ಚು?

ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ಫ್ರೀಲಾನ್ಸ್ ಮಾಡುವ ಗೆಳೆಯರಿಂದ ಒಂದು ಪ್ರಶ್ನೆ ತಪ್ಪದೇ ಬರುತ್ತದೆ: "ಈ ವರ್ಷ ಕೋರ್ಸಿಗೆ 80 ಸಾವಿರ ಸುರಿದಿದ್ದೀನಿ, ಟ್ಯಾಕ್ಸಲ್ಲಿ ಏನಾದ್ರೂ ಉಳಿಯುತ್ತಾ?"

ನ್ಯಾಯವಾದ ಪ್ರಶ್ನೆ. ಕಂಪನಿಯೊಂದು ತನ್ನ ನೌಕರರಿಗೆ ತರಬೇತಿ ಕೊಡಿಸಿದರೆ ಅದನ್ನು ಖರ್ಚೆಂದು ತೋರಿಸಿ ಲಾಭದಲ್ಲಿ ಕಳೆದುಕೊಳ್ಳುತ್ತದೆ. ಫ್ರೀಲಾನ್ಸರ್‌ಗೆ ಕಂಪನಿಯೂ ತಾನೇ, ನೌಕರನೂ ತಾನೇ. ಹಾಗಾದರೆ ಅವನಿಗೂ ಆ ಹಕ್ಕು ಇರಬೇಕಲ್ವಾ?

ಇದೆ. ಆದರೆ ಷರತ್ತುಗಳಿವೆ.

1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 37(1)ರಲ್ಲಿ 'ತರಬೇತಿ' ಎಂಬ ಪದವೇ ಇಲ್ಲ. ಅದು ಹೇಳುವುದಿಷ್ಟು: ಖರ್ಚು ಸಂಪೂರ್ಣವಾಗಿ ವೃತ್ತಿಗಾಗಿಯೇ ಆಗಿರಬೇಕು, ವೈಯಕ್ತಿಕ ಖರ್ಚಾಗಿರಬಾರದು, ಬಂಡವಾಳ ವೆಚ್ಚವೂ ಆಗಿರಬಾರದು. ಕೋರ್ಸ್ ಫೀಸು ಈ ಮೂರೂ ಜರಡಿ ದಾಟಿದರೆ ಆದಾಯದಲ್ಲಿ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿಯಂಥ ವಿನಾಯಿತಿಗಳು ಹೋದವು ನಿಜ, ಆದರೆ ವೃತ್ತಿಯ ಮಾಮೂಲಿ ಖರ್ಚು ಕಳೆಯುವ ಹಕ್ಕು ಹೋಗಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಕಾಯ್ದೆಯಲ್ಲಿ ಸೆಕ್ಷನ್‌ಗಳ ನಂಬರ್ ಬೇರೆ, ತತ್ವ ಅದೇ.

ತಕರಾರು ಹುಟ್ಟುವುದು ಜರಡಿ ಹಿಡಿಯುವಾಗ. ನನ್ನನ್ನೇ ತಗೊಳ್ಳಿ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಫ್ರೀಲಾನ್ಸ್ ಪತ್ರಕರ್ತನಾಗಿ ದುಡಿಯುತ್ತಾ ಡೇಟಾ ವಿಶ್ಲೇಷಣೆಯ ಕೋರ್ಸ್ ಮಾಡಿದರೆ, ಅದು ಇರುವ ಕಸುಬನ್ನು ಹರಿತ ಮಾಡಿಕೊಳ್ಳುವ ಖರ್ಚು. ಕಳೆಯಬಹುದು. ಅದೇ ಇಂಜಿನಿಯರಿಂಗ್ ಕನ್ಸಲ್ಟೆಂಟ್ ಆಗಿದ್ದುಕೊಂಡು ಪತ್ರಿಕೋದ್ಯಮದ ಡಿಪ್ಲೊಮಾಗೆ ಫೀಸು ಕಟ್ಟಿದ್ದರೆ? ಅದು ಹೊಸ ವೃತ್ತಿಯ ಬಾಗಿಲು ತೆರೆಯುವ ಖರ್ಚು. ವೈಯಕ್ತಿಕ ಅಥವಾ ಬಂಡವಾಳ ವೆಚ್ಚ ಎಂದು ಅಧಿಕಾರಿ ತಳ್ಳಿಹಾಕುವ ಸಾಧ್ಯತೆಯೇ ಹೆಚ್ಚು.

'ವೃತ್ತಿಗಾಗಿಯೇ' ಎಂಬ ಮಾತನ್ನು ಕೋರ್ಟುಗಳು ಎಷ್ಟು ಬಿಗಿಯಾಗಿ ಓದುತ್ತವೆ ಎನ್ನುವುದಕ್ಕೆ ಹಿರಿಯ ವಕೀಲ, ಮಾಜಿ ಕಾನೂನು ಸಚಿವ ಶಾಂತಿಭೂಷಣ್ ಅವರ ಪ್ರಕರಣ ಪ್ರಸಿದ್ಧ. ಹೃದಯ ಶಸ್ತ್ರಚಿಕಿತ್ಸೆಗೆ ತಗುಲಿದ 1.74 ಲಕ್ಷ ರೂಪಾಯಿಯನ್ನು ಅವರು ವೃತ್ತಿಯ ಖರ್ಚೆಂದು ತೋರಿಸಿದ್ದರು. ಹೃದಯ ಓಡದೆ ವಕೀಲಿಕೆ ಓಡುವುದಿಲ್ಲ ಎಂಬುದು ಅವರ ವಾದ. ಹೃದಯ ಎಲ್ಲ ಮನುಷ್ಯರಿಗೂ ಬೇಕು, ಅದು ವಕೀಲರ ಉಪಕರಣವಲ್ಲ ಎಂದು ದೆಹಲಿ ಹೈಕೋರ್ಟ್ 2011ರಲ್ಲಿ ಅದನ್ನು ಒಪ್ಪಲಿಲ್ಲ. ಕೋರ್ಸಿಗೂ ಇದೇ ಅಳತೆ ಹಿಡಿದು ನೋಡಿ. 'ವ್ಯಕ್ತಿತ್ವ ವಿಕಸನ' ಎಲ್ಲರಿಗೂ ಒಳ್ಳೆಯದೇ. ಅದು ನಿಮ್ಮ ಕಸುಬಿಗೇ ಬೇಕಿತ್ತು ಎಂದು ಸಾಬೀತು ಮಾಡುವುದು ಕಷ್ಟ.

ಇನ್ನೊಂದು ತಿರುವಿದೆ. ವಕೀಲರು, ವೈದ್ಯರು, ಇಂಜಿನಿಯರ್‌ಗಳು, ಆರ್ಕಿಟೆಕ್ಟ್‌ಗಳು, ಐಟಿ ವೃತ್ತಿಪರರು ಮುಂತಾದವರಿಗೆ ಸೆಕ್ಷನ್ 44ಎಡಿಎ ಎಂಬ ಸುಲಭ ದಾರಿಯಿದೆ. ವಾರ್ಷಿಕ ಗಳಿಕೆ 50 ಲಕ್ಷದೊಳಗಿದ್ದರೆ (ನಗದು ವಹಿವಾಟು ಶೇ 5 ಮೀರದಿದ್ದರೆ 75 ಲಕ್ಷ) ಅದರ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಡ. ಆದರೆ ಉಳಿದರ್ಧದಲ್ಲಿ ನಿಮ್ಮ ಎಲ್ಲ ಖರ್ಚೂ ಸೇರಿಹೋಯಿತು ಎಂದೇ ಅರ್ಥ. ಕೋರ್ಸ್ ಫೀಸನ್ನು ಮತ್ತೆ ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಬೇಕೆಂದರೆ, ಆದಾಯ ಮೂಲ ವಿನಾಯಿತಿ ಮಿತಿ ದಾಟಿದವರಿಗೆ ಲೆಕ್ಕದ ಪುಸ್ತಕ, ಆಡಿಟ್ ಎರಡೂ ಕಡ್ಡಾಯ.

ಈ ಪಟ್ಟಿಯಲ್ಲಿ ಅನುವಾದಕರಿಲ್ಲ, ಮನೆಪಾಠ ಹೇಳುವವರಿಲ್ಲ, ಯೋಗ ಕಲಿಸುವವರಿಲ್ಲ. ಪುಸ್ತಕ ಇಟ್ಟು ನಿಜವಾದ ಖರ್ಚು ತೋರಿಸುವ ಇಂಥವರಿಗೆ ಒಂದೊಂದು ಬಿಲ್ಲೂ ಮುಖ್ಯ.

ಉಳಿಯುವುದೆಷ್ಟು? ಉಳಿದೆಲ್ಲ ಖರ್ಚು ಕಳೆದು 2025-26ರಲ್ಲಿ 15 ಲಕ್ಷ ಲಾಭ ಕಂಡ ಅನುವಾದಕಿ ಒಬ್ಬರು 80 ಸಾವಿರದ ಕೋರ್ಸ್ ಮಾಡಿದ್ದಾರೆ ಅಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ಆ ಹಂತದ ದರ ಶೇ 15. ಅಂದರೆ ಉಳಿಯುವುದು 12 ಸಾವಿರ, ಸೆಸ್ ಸೇರಿ 12,480 ರೂಪಾಯಿ. ಖರ್ಚು ಕಳೆಯುವುದೆಂದರೆ 80 ಸಾವಿರ ವಾಪಸ್ ಬರುತ್ತದೆ ಎಂದಲ್ಲ. ಇನ್ನು ಆದಾಯ 12 ಲಕ್ಷ ದಾಟದವರಿಗೆ ತೆರಿಗೆಯೇ ಶೂನ್ಯ, ಹಾಗಾಗಿ ಕೋರ್ಸ್ ತೋರಿಸಿ ಉಳಿಯುವುದೂ ಶೂನ್ಯ.

ಖರ್ಚು ತೋರಿಸುವವರು ನಿಮ್ಮ ಹೆಸರಲ್ಲೇ ಇನ್‌ವಾಯ್ಸ್ ತಗೊಳ್ಳಿ, ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕಟ್ಟಿ. ಕೋರ್ಸಿನ ಪಠ್ಯಕ್ರಮ ತೆಗೆದಿಡಿ. ಅದೇ ಕೌಶಲ ಬೇಡುವ ಕ್ಲೈಂಟ್ ಇಮೇಲ್ ಅಥವಾ ಒಪ್ಪಂದ ಇದ್ದರೆ ಅದನ್ನೂ ಜೋಡಿಸಿ. ನೋಟಿಸ್ ಬಂದಾಗ ನಿಮ್ಮ ಪರವಾಗಿ ಮಾತಾಡುವುದು ಈ ಕಾಗದಗಳೇ.

ಈಗ ಈ ನಿಯಮದ ರಾಜಕೀಯ ನೋಡಿ. ಕೆಲಸ ಗಟ್ಟಿಯಾಗಿ ನಡೆಯುತ್ತಿರುವವರ ಕಲಿಕೆಗೆ ಕಾನೂನಿನ ಮಾನ್ಯತೆ ಇದೆ. ಕೃತಕ ಬುದ್ಧಿಮತ್ತೆಯಿಂದ ಅನುವಾದದ ಕೆಲಸ ಬತ್ತಿಹೋಗಿ, ಬದುಕಲು ಬೇರೆ ಕಸುಬು ಕಲಿಯಲು ಹೊರಟವರಿಗೆ ಇಲ್ಲ. ಸ್ವಂತ ದುಡ್ಡಲ್ಲಿ ಕಲಿಯುವ ಸಂಬಳದವರಿಗೂ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟರೆ ಏನೂ ಇಲ್ಲ. ಹೊಸ ಕೌಶಲ ಕಲಿಯಿರಿ ಎಂದು ಸರ್ಕಾರಗಳು ನಮಗೆ ವೇದಿಕೆ ವೇದಿಕೆಯಲ್ಲೂ ಉಪದೇಶ ಕೊಡುತ್ತವೆ. ಹಾಗೆ ಕಲಿಯುವ ಪ್ರತಿಯೊಬ್ಬರಿಗೂ, ಒಂದು ಮಿತಿಯೊಳಗಾದರೂ, ಕಲಿಕೆಯ ಖರ್ಚನ್ನು ಆದಾಯದಲ್ಲಿ ಕಳೆಯಲು ಬಿಡಿ ಎಂದು ಕೇಳುವುದು ಅತಿಯಾಸೆಯಲ್ಲ. ಉಪದೇಶ ಕೊಡುವವರು ಬಿಲ್ಲಿನಲ್ಲೂ ಸ್ವಲ್ಪ ಪಾಲು ಹೊರಲಿ.